ಹಾಸ್ಟೆಲ್ಲಲ್ಲಿ ಏನು ಕಲೀತಾರೆ?

ಅಣ್ಣನ ಮಗಳಿಗೆ ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಎಸ್ಸಿ. ಮೊದಲ ವರ್ಷಕ್ಕೆ ಸೀಟು ಸಿಕ್ಕಿದೆ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಊರಿನಿಂದ ಬೆಂಗಳೂರಿಗೆ ಬಸ್ಸಿಗೇನೂ ಬರವಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ಒಂಬತ್ತಕ್ಕೆ ಕಾಲೇಜು, ರಾತ್ರಿ ಎಂಟಕ್ಕೆ ಮನೆ. ಗೌರಿಬಿದನೂರಿನ ಮಕ್ಕಳು ರೈಲಿನಲ್ಲಿ, ಚಿಕ್ಕಬಳ್ಳಾಪುರ, ಚಿಂತಾಮಣಿಯ ಮಕ್ಕಳು ಹೆಚ್ಚಾಗಿ ಬಸ್ಸಿನಲ್ಲಿ ದಿನವೂ ಹೀಗೆ ಹೋಗಿ ಬರುತ್ತಾರೆ. ‘ಅಪ್ ಅಂಡ್ ಡೌನ್’ ಎಂಬುದು ನಮ್ಮ ಕಡೆ ಕನ್ನಡವೇ ಆಗಿಹೋಗಿದೆ. ಅಣ್ಣನ ಹಟವೂ ಅದೇ, ಅಪ್ ಅಂಡ್ ಡೌನ್ ಮಾಡಲಿ ಎಂದು. ಅತ್ತಿಗೆಗೆ ಪಿ.ಜಿ. ಆದರೂ ಪರವಾಗಿಲ್ಲ ಅನ್ನಿಸಿದೆ. ಹುಡುಗಿಗೆ ಮಾತ್ರ ಹಾಸ್ಟೆಲ್ಲೇ ಬೇಕು. ಹೋದ ತಿಂಗಳು ಊರಿಗೆ ಹೋಗಿದ್ದಾಗ ಅಣ್ಣ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಲೇ ಕೇಳಿದ: “ಅಲ್ಲಯ್ಯಾ, ಪಾಠ ಕಾಲೇಜಲ್ಲಿ ಮಾಡ್ತಾರೆ. ಊಟಕ್ಕೆ, ನಿದ್ದೆಗೆ ಮನೆ ಐತೆ. ಮಧ್ಯ ಈ ಹಾಸ್ಟೆಲ್ಲಲ್ಲಿ ಏನು ಕಲೀತಾರೆ?”

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಏನೋ ಒಂದು ಹೇಳಿ ಬಾಯಿ ಮುಚ್ಚಿಸಬಹುದಿತ್ತು. ಆದರೆ ಪ್ರಶ್ನೆ ನ್ಯಾಯವಾದದ್ದೇ. ಖರ್ಚು ಮಾಡುವವನು ಅವನು, ಮಗಳನ್ನು ಕಳಿಸುವವನೂ ಅವನು. ನೋಡೋಣ ಎಂದು ಹೇಳಿ ಬಂದವನಿಗೆ ಮೈಸೂರು ಸೀಮೆಯ ಹಾಸ್ಟೆಲ್ಲುಗಳ ಚರಿತ್ರೆಯೇ ತಲೆಯಲ್ಲಿ ಸುತ್ತತೊಡಗಿತು. ಜೊತೆಗೆ, ಬಹಳ ವರ್ಷ ಯಾರಿಗೂ ಹೇಳದ ನನ್ನದೇ ಒಂದು ಕೋಣೆಯ ಕಥೆಯೂ.

ಅಣ್ಣ ಕೇಳಿದ್ದನ್ನೇ ಅಮೆರಿಕದ ವಿಶ್ವವಿದ್ಯಾಲಯಗಳೂ ಕೇಳಿಕೊಂಡಿವೆ. ಅಲ್ಲಿ ಮೊದಲ ವರ್ಷಕ್ಕೆ ಬಂದ ವಿದ್ಯಾರ್ಥಿಗಳ ಒಂದು ಗುಂಪನ್ನು ಹಾಸ್ಟೆಲ್ಲಿನ ಒಂದೇ ಮಹಡಿಯಲ್ಲಿ ಇರಿಸಿ, ಒಂದೆರಡು ವಿಷಯಗಳನ್ನು ಅವರೆಲ್ಲ ಒಟ್ಟಿಗೆ ಓದುವ ಹಾಗೆ ಮಾಡಿ, ಅಧ್ಯಾಪಕರೂ ಅಲ್ಲಿಗೇ ಬಂದುಹೋಗುವ ಏರ್ಪಾಡು ಮಾಡುತ್ತಾರೆ. ಲಿವಿಂಗ್ ಲರ್ನಿಂಗ್ ಕಮ್ಯುನಿಟಿ ಎಂದು ಅದಕ್ಕೆ ಹೆಸರು. ಬಾಳುವುದೂ ಕಲಿಯುವುದೂ ಒಂದೇ ಸೂರಿನಡಿ ಎಂದರ್ಥ. ಇದರ ಮೂಲ ಹುಡುಕಿ ಹೋದರೆ ಅಲ್ಲಿನವರು ತೋರಿಸುವುದು 1927ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅಲೆಕ್ಸಾಂಡರ್ ಮೈಕಲ್‌ಜಾನ್ ಎಂಬ ತತ್ವಶಾಸ್ತ್ರದ ಅಧ್ಯಾಪಕ ಶುರುಮಾಡಿದ ‘ಎಕ್ಸ್‌ಪೆರಿಮೆಂಟಲ್ ಕಾಲೇಜ್’ ಅನ್ನು. ಆಡಮ್ಸ್ ಹಾಲ್ ಎಂಬ ಹಾಸ್ಟೆಲ್ಲೇ ಆ ಕಾಲೇಜು. ಹುಡುಗರ ಕೋಣೆಗಳೂ ಅಲ್ಲೇ, ಮೇಷ್ಟರುಗಳ ಕಚೇರಿಯೂ ಅಲ್ಲೇ. ಮೊದಲ ವರ್ಷ ಪೂರ್ತಿ ಪ್ರಾಚೀನ ಅಥೆನ್ಸ್ ನಗರದ ಅಧ್ಯಯನ, ಎರಡನೆಯ ವರ್ಷ ತಮ್ಮದೇ ಅಮೆರಿಕದ್ದು. ಎರಡರ ನಡುವಿನ ಬೇಸಿಗೆ ರಜೆಯಲ್ಲಿ ಪ್ರತಿಯೊಬ್ಬನೂ ತನ್ನ ಊರಿಗೆ ಹೋಗಿ ಆ ಸೀಮೆಯನ್ನು ಅಧ್ಯಯನ ಮಾಡಿ ಬರೆದು ತರಬೇಕು. ಈ ಕೊನೆಯ ಸಂಗತಿ ಓದಿದಾಗ ನನಗೆ ಹೊಟ್ಟೆಕಿಚ್ಚೇ ಆಯಿತು. ನನ್ನ ಮೊದಲ ವರ್ಷದಲ್ಲಿ ಯಾರಾದರೂ ‘ಹೋಗಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಮೇಲೆ ಬರೆದು ತಾ’ ಎಂದಿದ್ದರೆ!

ಆ ಪ್ರಯೋಗ ಐದು ವರ್ಷ ಮಾತ್ರ ನಡೆದು 1932ರಲ್ಲಿ ನಿಂತಿತು. ಆರ್ಥಿಕ ಮುಗ್ಗಟ್ಟು, ಸೇರುವವರ ಸಂಖ್ಯೆ ಇಳಿದದ್ದು, ಅಲ್ಲಿನ ಹುಡುಗರು ಉಡಾಳರು, ಕ್ರಾಂತಿಕಾರಿಗಳು ಎಂಬ ಊರಿನವರ ಗುಮಾನಿ, ಹೀಗೆ ಕಾರಣಗಳು ಹಲವು. ಹೆಣ್ಣುಮಕ್ಕಳಿಗಂತೂ ಅಲ್ಲಿ ಪ್ರವೇಶವೇ ಇರಲಿಲ್ಲ.

ನಮ್ಮಲ್ಲಿ ಇದೆಲ್ಲ ಸಾವಿರ ವರ್ಷದ ಹಿಂದೆಯೇ ಇತ್ತು ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ಇದ್ದದ್ದು ನಿಜ. ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು, ಅವರ ವಾಸಕ್ಕೆ 27 ಮನೆಗಳಿದ್ದವು. ದೀಪದ ಎಣ್ಣೆಗೆಂದೇ ಭೂಮಿ ಬಿಟ್ಟಿದ್ದರು. ಊರಿನವರು ಮದುವೆ, ಮುಂಜಿಗಳಲ್ಲಿ ಶಾಲೆಗೆ ಇಷ್ಟಿಷ್ಟು ಹಣ ಕೊಡಬೇಕೆಂದೂ ಕಟ್ಟಳೆ ಇತ್ತು. ಕಲಬುರಗಿ ಜಿಲ್ಲೆಯ ನಾಗಾವಿಯ 1058ರ ಶಾಸನವೋ ಇನ್ನೂ ಲೆಕ್ಕಾಚಾರದ್ದು: ವೇದ ಓದುವವರು 200, ಶಾಸ್ತ್ರ ಓದುವವರು 52, ಗ್ರಂಥಭಂಡಾರ ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗಳು. ಊಟ, ವಸತಿ, ಪುಸ್ತಕ, ಗುರುಗಳು, ಎಲ್ಲ ಒಂದೇ ಕಡೆ. ಆದರೆ ಆ ಮನೆಗಳಲ್ಲಿ ನನ್ನ ಮುತ್ತಾತನಿಗೆ ಜಾಗವಿರಲಿಲ್ಲ. ನನ್ನ ಕೋಣೆಯ ಗೆಳೆಯನ ಮುತ್ತಾತ ಆ ಬೀದಿಯಲ್ಲಿ ಕಾಲಿಡುವ ಹಾಗೂ ಇರಲಿಲ್ಲ. ಹಾಗಾಗಿ ಆ ಶಾಸನಗಳನ್ನು ತರಗತಿಯಲ್ಲಿ ಓದಿಸುವಾಗ ನನಗೆ ಹೆಮ್ಮೆ ಬಂದಷ್ಟೇ ಬೇಗ ಹೋಗಿಬಿಡುತ್ತಿತ್ತು.

ಇಂಗ್ಲಿಷ್ ಶಿಕ್ಷಣ ಬಂದ ಮೇಲೆ ಹಳ್ಳಿಯ ಹುಡುಗ ಪೇಟೆಗೆ ಓದಲು ಹೋದರೆ ಉಳಿಯುವುದೆಲ್ಲಿ? ಬ್ರಾಹ್ಮಣರ ಬಡ ಹುಡುಗರಿಗೆ ವಾರಾನ್ನವಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆ ಗೊತ್ತುಮಾಡಿಕೊಂಡರೆ ವಾರ ಕಳೆಯಿತು. ಒಂದು ಮನೆಯಲ್ಲಿ ಸೂತಕವಾದರೆ ಆ ದಿನ ಉಪವಾಸ. ಎಷ್ಟೋ ಜನ ದೊಡ್ಡವರ ಆತ್ಮಕಥೆಗಳಲ್ಲಿ ಇದು ಬರುತ್ತದೆ. ಬಡಿಸುವ ಅಮ್ಮನ ಮುಖ ನೋಡಿಯೇ ಇವತ್ತು ಎರಡನೆಯ ಸಲ ಅನ್ನ ಕೇಳಬಹುದೋ ಬೇಡವೋ ಎಂದು ತಿಳಿಯುವ ವಿದ್ಯೆ ಆ ಹುಡುಗರಿಗೆ ಗೊತ್ತಿತ್ತಂತೆ. ಅದೂ ಒಂದು ಕಲಿಕೆಯೇ, ಆದರೆ ಯಾವ ಮಗುವಿಗೂ ಬೇಡವಾದ ಕಲಿಕೆ.

ನಮ್ಮ ಜಿಲ್ಲೆಯ ಅತಿ ಪ್ರಸಿದ್ಧ ವಿದ್ಯಾರ್ಥಿ ಬೆಂಗಳೂರಿಗೆ ಹೋದದ್ದು ಅಂಥ ಕಾಲದಲ್ಲಿಯೇ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರಿಗೆ ಚಿಕ್ಕ ವಯಸ್ಸಿನಲ್ಲೇ ತಂದೆ ಇರಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಓದು ಮುಗಿಸಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಸೇರಿದ ಮೇಲೆ ಸೋದರಮಾವನ ಆಸರೆ ಸಿಕ್ಕಿತು. ಜೊತೆಗೆ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚಿಗೆ ದಾರಿ ಮಾಡಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು. ಹೀಗೆ ತಾನೇ ದುಡಿದು ಓದಿದವರಿಗೆ ಅರ್ಹತೆಯೊಂದೇ ಸಾಕು ಎಂದು ತೋರುವುದು ಸಹಜವೇನೋ. ಹಿಂದುಳಿದವರಿಗೆ ಸರ್ಕಾರಿ ಕೆಲಸಗಳಲ್ಲಿ ಪಾಲು ಕೊಡುವ ಪ್ರಶ್ನೆಗೆ 1918ರಲ್ಲಿ ಮೈಸೂರು ಮಹಾರಾಜರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ ದಿವಾನ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ. ಆ ವರ್ಷದ ಕೊನೆಗೆ ದಿವಾನಗಿರಿಯಿಂದಲೇ ಹೊರಬಂದರು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ, ನಮ್ಮ ಕಡೆ ಯಾರಿಗಿಲ್ಲ? ಆದರೆ ಬೆಂಗಳೂರಿನಲ್ಲಿ ಆಸರೆಗೆ ಒಬ್ಬ ಸೋದರಮಾವ ಇರುವುದು ಕೂಡ ಅರ್ಹತೆಯ ಒಂದು ಭಾಗ ಎಂಬುದನ್ನು ಅವರು ಯೋಚಿಸಲಿಲ್ಲ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಪೇಟೆಯಲ್ಲಿ ಸೋದರಮಾವ ಇಲ್ಲದವರಿಗೆ ಸಿಗುವ ಸೋದರಮಾವನ ಮನೆಯೇ ಹಾಸ್ಟೆಲ್ಲು.

ಆ ಮನೆಗಳನ್ನು ಮೊದಲು ಕಟ್ಟಿದ್ದು ಜಾತಿಗಳು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾನಿಧಿ ಸಂಸ್ಥೆ, 1906ರಲ್ಲಿ ಒಕ್ಕಲಿಗರ ಸಂಘ, 1909ರಲ್ಲಿ ಸೆಂಟ್ರಲ್ ಮುಸ್ಲಿಂ ಅಸೋಸಿಯೇಷನ್. ಸಂಘ ಕಟ್ಟಿದವರು ಕೈಹಾಕಿದ ಮೊದಮೊದಲ ಕೆಲಸಗಳಲ್ಲಿ ಒಂದು, ಓದುವ ಹುಡುಗರಿಗೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಹಾಸ್ಟೆಲ್ಲು. ಈಗ ‘ಜಾತಿ ಹಾಸ್ಟೆಲ್’ ಎಂದು ಮೂಗು ಮುರಿಯುವುದು ಸುಲಭ. ಆದರೆ ರಾಗಿ, ಅವರೆಕಾಯಿ ಚೀಲ ಹೊತ್ತು ತಂದು ಹಾಸ್ಟೆಲ್ಲಿಗೆ ಒಪ್ಪಿಸಿದ ರೈತರಿಲ್ಲದೆ ಮೈಸೂರು ಸಂಸ್ಥಾನದ ರಾಜಕೀಯ ಈಗಿನ ರೂಪಕ್ಕೆ ಬರುತ್ತಿರಲಿಲ್ಲ. ಆ ಹಾಸ್ಟೆಲ್ಲುಗಳಲ್ಲಿ ಹುಡುಗರು ಸಭೆ ನಡೆಸುವುದು, ಭಾಷಣ ಮಾಡುವುದು, ಕೈಬರಹದ ಪತ್ರಿಕೆ ತರುವುದು, ಊಟದ ಲೆಕ್ಕ ಇಡುವುದು ಎಲ್ಲ ಕಲಿತರು. ಇನ್ನೊಂದು ಜಾತಿಯವನ ಪಕ್ಕ ಕೂತು ಉಣ್ಣುವುದೊಂದನ್ನು ಬಿಟ್ಟು.

ಅದನ್ನು ಕಲಿಸಿದ ಹಾಸ್ಟೆಲ್ಲುಗಳೂ ಇದ್ದವು. ಅಂಥದೊಂದರ ಕಥೆ ಶುರುವಾಗುವುದು ಹೊಸೂರಿನಲ್ಲಿ. ಗೌರಿಬಿದನೂರು ತಾಲ್ಲೂಕಿನ ಹೊಸೂರು, ತಮಿಳುನಾಡಿನದಲ್ಲ. 1920ರ ಜೂನ್ 6ರಂದು ಅಲ್ಲಿನ ಬಡ, ಹಿಂದುಳಿದ ಮನೆಯೊಂದರಲ್ಲಿ ಹುಟ್ಟಿದ ಹುಡುಗ ನರಸಿಂಹಯ್ಯ. ಊರಿನಲ್ಲಿ ಹೈಸ್ಕೂಲು ಇರಲಿಲ್ಲ. ಅಲ್ಲಿ ಪಾಠ ಹೇಳುತ್ತಿದ್ದ ಮೇಷ್ಟರೊಬ್ಬರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಹೋಗಿದ್ದರು. ಈ ಬುದ್ಧಿವಂತ ಹುಡುಗನನ್ನು ಅಲ್ಲಿಗೆ ಬರಹೇಳಿದರು. ಗೌರಿಬಿದನೂರಿಗೆ ಆಗಲೇ ರೈಲಿತ್ತು. ಟಿಕೆಟ್ಟಿಗೆ ದುಡ್ಡಿರಲಿಲ್ಲ. 1935ರಲ್ಲಿ ಆ ಹುಡುಗ 80ಕ್ಕೂ ಹೆಚ್ಚು ಕಿಲೋಮೀಟರು ನಡೆದೇ ಬೆಂಗಳೂರು ಸೇರಿದ. ಬಡ ಹುಡುಗರಿಗೆಂದೇ ಇದ್ದ ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿತು.

ಎಚ್. ನರಸಿಂಹಯ್ಯ, ಎಲ್ಲರ ಬಾಯಲ್ಲಿ ಎಚ್ಚೆನ್, ತಮ್ಮ ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರಿಟ್ಟರು. ಆ ಹಾದಿ ಎಂಬ ಪದ ಓದಿದಾಗಲೆಲ್ಲ ನನಗೆ ಮೊದಲು ಕಾಣುವುದು ಈ ನಡಿಗೆಯೇ. 1917ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ಹುಟ್ಟಿದ ನ್ಯಾಷನಲ್ ಸಂಸ್ಥೆಯಲ್ಲಿ ಆಗ ಖಾದಿಯ ಗಾಳಿ ಬೀಸುತ್ತಿತ್ತು. ಸಂಪತ್‌ಗಿರಿರಾಯರು ಹೆಡ್‌ಮಾಸ್ಟರು. 1936ರಲ್ಲಿ ಗಾಂಧೀಜಿ ನಮ್ಮ ನಂದಿಬೆಟ್ಟದಲ್ಲಿ ವಿಶ್ರಾಂತಿಗೆಂದು ತಂಗಿದ್ದರು. ಅದೇ ವರ್ಷ ಅವರು ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳುವ ಕೆಲಸ ಬಿದ್ದದ್ದು ಊರಿನಿಂದ ಬಂದು ಒಂದು ವರ್ಷವಾಗಿದ್ದ ಈ ಹುಡುಗನ ಮೇಲೆ. ಗೌರಿಬಿದನೂರಿನ ಕಡೆ ಮನೆಮಾತು ಎಷ್ಟೋ ಜನರಿಗೆ ತೆಲುಗು. ಕನ್ನಡವನ್ನೇ ಶಾಲೆಯಲ್ಲಿ ಕಲಿಯುವ ಸೀಮೆ ನಮ್ಮದು. ಅಲ್ಲಿಂದ ಬಂದ ಹುಡುಗ ಗಾಂಧಿಯ ಮಾತನ್ನು ಸಭೆಗೆ ಕನ್ನಡದಲ್ಲಿ ಹೇಳಿದ ಎಂಬುದನ್ನು ನಾನು ತರಗತಿಯಲ್ಲಿ ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ಇದಾದ ಎರಡು ವರ್ಷಕ್ಕೆ, 1938ರ ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನದೇ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸ್ವಂತ ಸೀಮೆಯಿಂದ ಅಂಥ ಸುದ್ದಿ ಬಂದಾಗ ಹಾಸ್ಟೆಲ್ಲಿನ ಹುಡುಗ ಏನು ಯೋಚಿಸಿದನೋ! 1942ರಲ್ಲಿ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ಓದು ಬಿಟ್ಟು ಚಳವಳಿಗೆ ಧುಮುಕಿ ಜೈಲು ಸೇರಿದ. ಹೊರಬಂದು ಭೌತಶಾಸ್ತ್ರ ಮುಗಿಸಿ 1946ರಲ್ಲಿ, ಅದರ ಹಿಂದಿನ ವರ್ಷವಷ್ಟೇ ಶುರುವಾಗಿದ್ದ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಮೇಷ್ಟರಾಗಿ ಬಂದ.

ನನ್ನ ಅಣ್ಣನ ಪ್ರಶ್ನೆಗೆ ಸಂಬಂಧಿಸಿದ ಸಂಗತಿ ಬರುವುದು ಇಲ್ಲಿಂದ. ಕೆಲಸ ಸಿಕ್ಕ ಮೇಲೆ ಯಾರೇ ಆಗಲಿ ಹಾಸ್ಟೆಲ್ ಬಿಟ್ಟು ಮನೆ ಮಾಡುತ್ತಾರೆ. ಎಚ್ಚೆನ್ ಮಾಡಲಿಲ್ಲ. ಮದುವೆಯೂ ಆಗಲಿಲ್ಲ. ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ ಹುಡುಗರ ನಡುವೆ ಉಳಿದುಬಿಟ್ಟರು. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ 1960ರಲ್ಲಿ ಪಿಎಚ್.ಡಿ. ಪಡೆದು ಬಂದ ಮೇಲೂ ಅದೇ ಕೋಣೆ. ಪ್ರಿನ್ಸಿಪಾಲರಾದ ಮೇಲೂ ಅದೇ. 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗಲೂ ಹಾಸ್ಟೆಲ್ ಬಿಡಲಿಲ್ಲ. 1984ರಲ್ಲಿ ಪದ್ಮಭೂಷಣ ಬಂದದ್ದೂ ಆ ಕೋಣೆಯ ನಿವಾಸಿಗೇ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೆ, ನಡುವಿನ ವಿದೇಶವಾಸ ಬಿಟ್ಟರೆ, ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಒಬ್ಬ ಮನುಷ್ಯ ಹಾಸ್ಟೆಲ್ಲಿನಲ್ಲಿಯೇ ಬದುಕಿದ. ಖಾದಿ ಪಂಚೆ, ಜುಬ್ಬ, ಗಾಂಧಿ ಟೋಪಿ. ತಿಂಡಿಗೆ ಉಪ್ಪಿಟ್ಟು. ಎಚ್ಚೆನ್ ಮತ್ತು ಉಪ್ಪಿಟ್ಟಿನ ನಂಟಿನ ಬಗ್ಗೆ ಬೆಂಗಳೂರಿನಲ್ಲಿ ಇರುವಷ್ಟು ಕಥೆಗಳು ಅವರ ಭೌತಶಾಸ್ತ್ರದ ಬಗ್ಗೆ ಇಲ್ಲ. ಹಾಸ್ಟೆಲ್ ಉಪ್ಪಿಟ್ಟನ್ನು ಕಾಂಕ್ರೀಟು ಎಂದು ಬೈಯದೆ ತಿಂದ ಒಬ್ಬನೇ ನಿವಾಸಿ ಅವರಿರಬಹುದು.

ವಿಸ್ಕಾನ್ಸಿನ್ನಿನಲ್ಲಿ ಮೇಷ್ಟರ ಕಚೇರಿಯನ್ನು ಹಾಸ್ಟೆಲ್ಲಿಗೆ ತಂದರು ಎಂದೆನಲ್ಲ, ಇಲ್ಲಿ ಮೇಷ್ಟರ ಬದುಕೇ ಹಾಸ್ಟೆಲ್ಲಿನಲ್ಲಿತ್ತು. ಅದಕ್ಕೆ ಸುತ್ತೋಲೆ ಇರಲಿಲ್ಲ, ಪಠ್ಯಕ್ರಮವೂ ಇರಲಿಲ್ಲ. ಮೊದಲ ವರ್ಷಕ್ಕೆ ಹಳ್ಳಿಯಿಂದ ಬಂದು ತಟ್ಟೆ ಹಿಡಿದು ಎಲ್ಲಿ ಕೂರಬೇಕು ಎಂದು ತಡವರಿಸುವ ಹುಡುಗ, ಕುಲಪತಿಯೂ ಇದೇ ಅಡುಗೆಮನೆಯದನ್ನು ತಿನ್ನುತ್ತಾನೆ ಎಂದು ಕಂಡುಕೊಂಡರೆ ಅವನೊಳಗೆ ಏನೋ ಸಡಿಲವಾಗುತ್ತದೆ. ಪಾಠವೂ ಕಾಲೇಜಿನ ಗಂಟೆ ಹೊಡೆದೊಡನೆ ಮುಗಿಯುತ್ತಿರಲಿಲ್ಲ. ಎಚ್ಚೆನ್ 1962ರಲ್ಲಿ ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಮ್ಮಿನಲ್ಲಿ ಪ್ರತಿ ಬುಧವಾರ ಸಂಜೆ ಉಪನ್ಯಾಸ. ಯಾರು ಬೇಕಾದರೂ ಬಂದು ಕೂತು ಕೇಳಬಹುದು, ಪ್ರಶ್ನೆ ಹಾಕಬಹುದು. ಪ್ರಶ್ನೆ ಹಾಕುವುದನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂದರೆ, ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆಂದೇ ಸಮಿತಿ ಮಾಡಿ ದೇಶದ ತುಂಬ ಗದ್ದಲಕ್ಕೆ ಕಾರಣರಾದರು. ಆ ಗದ್ದಲದ ಕಥೆ ಬೇರೆ, ಇಲ್ಲಿ ಬೇಡ.

ಎಚ್ಚೆನ್ ಕುಲಪತಿಯಾಗಿದ್ದ ವರ್ಷಗಳಲ್ಲೇ ದೇವರಾಜ ಅರಸರ ಸರ್ಕಾರವಿತ್ತು. 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಿತು, 1977ರಲ್ಲಿ ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆಯೇ ಬಂತು. ತಾಲ್ಲೂಕು ಕೇಂದ್ರಗಳಲ್ಲಿ ಒಂದೊಂದಾಗಿ ಹಾಸ್ಟೆಲ್ಲುಗಳು ತೆರೆದವು. ಸಮಾಜ ಕಲ್ಯಾಣ ಇಲಾಖೆಯವು, ಬಿಸಿಎಂ ಹಾಸ್ಟೆಲ್ಲುಗಳು. ಕಟ್ಟಡ ಸೋರುತ್ತಿತ್ತು, ಸಾರು ನೀರಾಗಿರುತ್ತಿತ್ತು, ವಾರ್ಡನ್ ಊರಲ್ಲೇ ಇರುತ್ತಿರಲಿಲ್ಲ. ಎಲ್ಲ ನಿಜ. ಆದರೂ ಎಪ್ಪತ್ತರ ದಶಕದ ದಲಿತ ಚಳವಳಿಯ ಹಾಡು, ಕರಪತ್ರ, ರಾತ್ರಿಯ ವಾಗ್ವಾದಗಳಿಗೆ ಜಾಗ ಸಿಕ್ಕಿದ್ದು ಹಾಸ್ಟೆಲ್ಲಿನ ಕೋಣೆಗಳಲ್ಲೇ. ಸಿದ್ದಲಿಂಗಯ್ಯನವರ ‘ಊರುಕೇರಿ’ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನ ಕೈಗೆ ಬಂದ ಪುಸ್ತಕವನ್ನು ಇಪ್ಪತ್ತು ಜನ ಓದುವುದು ಹಾಸ್ಟೆಲ್ಲಿನಲ್ಲಿ ಮಾತ್ರ ಸಾಧ್ಯ. ಇನ್ನು ತುಮಕೂರಿನ ಸಿದ್ಧಗಂಗೆಯ ಮಾತು. ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಹಾಕಿ ಓದಿಸಿದ ಆ ಮಠಕ್ಕೆ ಗೌರಿಬಿದನೂರಿನಿಂದ ದಾರಿ ದೂರವೇನಲ್ಲ. ಅದರ ಬಗ್ಗೆ ಬೇರೆಯವರು ನನಗಿಂತ ಚೆನ್ನಾಗಿ ಬರೆದಿದ್ದಾರೆ.

ಈಗ ನನ್ನ ಕೋಣೆಯ ಕಥೆ. 1986ರಲ್ಲಿ ನಾನು ಬೆಂಗಳೂರಿಗೆ ಬಂದೆ. ನಮ್ಮ ಜಾತಿಯ ಹಾಸ್ಟೆಲ್ಲಿಗೆ ಅರ್ಜಿ ಹಾಕಿದ್ದೆ, ಸೀಟು ಸಿಗಲಿಲ್ಲ. ಎಲ್ಲ ಜಾತಿಯವರೂ ಇದ್ದ ಇನ್ನೊಂದು ಹಾಸ್ಟೆಲ್ಲಿಗೆ ಸೇರಿಸಿ ಅಪ್ಪ ಹೊರಡುವಾಗ ವಾರ್ಡನ್ನರನ್ನು ಮೆಲ್ಲಗೆ ಕೇಳಿದರು: “ಇವನ ರೂಮಲ್ಲಿ ಯಾರು ಇರ್ತಾರೆ ಸ್ವಾಮಿ?” ವಾರ್ಡನ್ ರಿಜಿಸ್ಟರಿನಿಂದ ತಲೆ ಎತ್ತದೆ, “ಚಿಂತಾಮಣಿ ಕಡೆ ಹುಡುಗ, ನಿಮ್ಮೋರೇ” ಎಂದರು. ಒಂದೇ ಜಿಲ್ಲೆಯವನು ಎಂಬ ಅರ್ಥದಲ್ಲಿ ಅವರು ಹೇಳಿದ್ದು. ಅಪ್ಪ ಬೇರೆ ಅರ್ಥ ಮಾಡಿಕೊಂಡು ನೆಮ್ಮದಿಯಿಂದ ಬಸ್ಸು ಹತ್ತಿದರು.

ಹಾಸ್ಟೆಲ್ಲಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಊರೇ ಹೆಸರು. ನಾನು ‘ಶಿಡ್ಲಘಟ್ಟ’, ಅವನು ‘ಚಿಂತಾಮಣಿ’. ಮೂರನೆಯ ದಿನ ಮಾತಿನ ನಡುವೆ ಅವನ ಕೇರಿ ಯಾವುದೆಂದು ತಿಳಿಯಿತು. ನಾನೇನೂ ಹೇಳಲಿಲ್ಲ. ಆ ರಾತ್ರಿ ನನ್ನ ನೀರಿನ ಚೊಂಬನ್ನು ಕಿಟಕಿಯಿಂದ ತೆಗೆದು ಟ್ರಂಕಿನೊಳಗೆ ಇಟ್ಟೆ. ಅವನು ಹಾಸಿಗೆಯಲ್ಲಿ ಮಲಗಿ ನೋಡುತ್ತಿದ್ದ. ಅವನೂ ಏನೂ ಹೇಳಲಿಲ್ಲ. ಮಾರನೆಯ ದಿನ ಹೋಗಿ ವಾರ್ಡನ್ನರಿಗೆ ಅರ್ಜಿ ಕೊಟ್ಟೆ. ಕೋಣೆಯಲ್ಲಿ ಬೆಳಕು ಸಾಲದು, ಓದಲು ಕಷ್ಟ, ಬೇರೆ ಕೋಣೆ ಕೊಡಿ ಎಂದು ಬರೆದಿದ್ದೆ. ಅವರು ಅರ್ಜಿ ಓದಿ, ನನ್ನ ಮುಖ ನೋಡಿ, “ದಸರಾ ರಜೆ ಆಗ್ಲಿ, ನೋಡೋಣ” ಎಂದು ಡ್ರಾಯರಿನಲ್ಲಿ ಹಾಕಿಕೊಂಡರು. ಸಂಜೆ ಬರುವಷ್ಟರಲ್ಲಿ ಕೋಣೆಗೆ ನೂರು ಕ್ಯಾಂಡಲಿನ ಬಲ್ಬು ಬಂದಿತ್ತು!

ದಸರಾದವರೆಗೆ ಎರಡು ತಿಂಗಳಿತ್ತು. ಆ ಎರಡು ತಿಂಗಳಲ್ಲಿ ಏನು ನಡೆಯಿತು ಎಂದು ಕೇಳಿದರೆ ಹೇ‍ಳುವಂಥದು ಏನೂ ಇಲ್ಲ. ಅವನ ಮನೆಯಲ್ಲಿ ತೆಲುಗು, ನನ್ನ ಮನೆಯಲ್ಲಿ ಅರ್ಧ ತೆಲುಗು. ಇಬ್ಬರಿಗೂ ಇಂಗ್ಲಿಷ್ ಪಾಠ ತಲೆಗೆ ಹತ್ತುತ್ತಿರಲಿಲ್ಲ. ರಾತ್ರಿ ಡಿಕ್ಷನರಿ ಇಟ್ಟುಕೊಂಡು ಒಂದೊಂದೇ ಸಾಲಿಗೆ ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಅರ್ಥ ಕಟ್ಟುತ್ತಿದ್ದೆವು. ಭಾನುವಾರ ಮುದ್ದೆ, ಬಸ್ಸಾರು. ಮುದ್ದೆ ನುಂಗಲು ಬಾರದೆ ಅಗಿಯುತ್ತಿದ್ದ ಮಂಗಳೂರಿನ ಕಡೆಯ ಹುಡುಗನಿಗೆ ನಾವಿಬ್ಬರೂ ಗುರುಗಳು. ನನಗೆ ಜ್ವರ ಬಂದು ಮಲಗಿದಾಗ ಗಂಜಿ ತಂದದ್ದು ಅವನು, ನೀರು ಕೊಟ್ಟದ್ದು ನನ್ನ ಟ್ರಂಕಿನಿಂದ ತೆಗೆದ ಆ ಚೊಂಬಿನಲ್ಲೇ. ಬೀಗದ ಕೈ ನಾನೇ ಕೊಟ್ಟಿದ್ದೆ. ರಜೆ ಮುಗಿಸಿ ಬಂದ ದಿನ ವಾರ್ಡನ್ ಕರೆಸಿ, “ಕೋಣೆ ಖಾಲಿ ಇದೆ, ಬೇಕೇನಯ್ಯಾ?” ಎಂದರು. ಬೇಡ ಸಾರ್ ಎಂದೆ. ಅವರು ಅರ್ಜಿಯನ್ನು ಹುಡುಕಿ ತೆಗೆದು ನನ್ನ ಕೈಗೇ ಕೊಟ್ಟರು. ಅದನ್ನು ಎಷ್ಟು ಸಣ್ಣ ಚೂರುಗಳಾಗಿ ಹರಿದೆನೋ!

ಆ ವಾರ್ಡನ್ ದೊಡ್ಡ ಮನುಷ್ಯರೇನಲ್ಲ. ಎಣ್ಣೆ, ಬೇಳೆಯ ಲೆಕ್ಕದಲ್ಲಿ ಅವರ ಬಗ್ಗೆ ಗುಸುಗುಸು ಇತ್ತು. ಆದರೆ ಹೆಂಡತಿ ಮಕ್ಕಳೊಂದಿಗೆ ಅದೇ ಆವರಣದಲ್ಲಿ ವಾಸವಾಗಿದ್ದರು. ಯಾವ ಅರ್ಜಿಯನ್ನು ಎರಡು ತಿಂಗಳು ಡ್ರಾಯರಿನಲ್ಲಿ ಇಡಬೇಕು ಎಂಬುದು ಅಲ್ಲಿಯೇ ಇದ್ದವರಿಗೆ ಮಾತ್ರ ಗೊತ್ತಾಗುವ ಸಂಗತಿ. ಅದೇ ವರ್ಷ ಒಂದು ಬುಧವಾರ ಚಿಂತಾಮಣಿ ನನ್ನನ್ನು ನ್ಯಾಷನಲ್ ಕಾಲೇಜಿಗೆ ಎಳೆದುಕೊಂಡು ಹೋದ. ಉಪನ್ಯಾಸ ಯಾವುದರ ಮೇಲಿತ್ತೋ ಮರೆತಿದೆ. ಮುಂದಿನ ಸಾಲಿನಲ್ಲಿ ಬಿಳಿ ಟೋಪಿಯ ತೆಳ್ಳನೆಯ ಮುದುಕರೊಬ್ಬರು ಕೂತಿದ್ದರು. “ನಮ್ಮ ಗೌರಿಬಿದನೂರೋರು” ಎಂದು ಅವನು ಕಿವಿಯಲ್ಲಿ ಹೇಳಿದ. ಅವನು ‘ನಮ್ಮ’ ಎಂದದ್ದು ಈಗಲೂ ಕೇಳಿಸುತ್ತದೆ.

ಇಷ್ಟೆಲ್ಲ ಅಣ್ಣನಿಗೆ ಹೇಳಬೇಕೆಂದು ಹೊರಟರೆ ಒಂದು ದೊಡ್ಡ ತೊಡಕು. ನಾನು ಹೇಳಿದ ಈ ಚರಿತ್ರೆಯಲ್ಲಿ ಒಬ್ಬಳೂ ಹುಡುಗಿಯಿಲ್ಲ. ಸಾಲೋಟಗಿಯ 27 ಮನೆಗಳಲ್ಲಿ ಇಲ್ಲ, ಆಡಮ್ಸ್ ಹಾಲಿನಲ್ಲಿ ಇಲ್ಲ. ಕೇಂಬ್ರಿಡ್ಜಿನಲ್ಲಿ ಹೆಣ್ಣುಮಕ್ಕಳಿಗೆ ಗರ್ಟನ್ ಎಂಬ ವಸತಿ ಕಾಲೇಜು ಸಿಕ್ಕಿದ್ದು 1869ರಲ್ಲಿ, ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ. ಹಾಸಿಗೆ ಸಿಕ್ಕ 79 ವರ್ಷಕ್ಕೆ ಹಕ್ಕು! ನಮ್ಮಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಎಂದರೆ ಮೊದಲು ನೆನಪಾಗುವುದು ಗೇಟು. ಹುಡುಗರ ಹಾಸ್ಟೆಲ್ಲಿನ ಚರಿತ್ರೆಯನ್ನು ಊಟದ ಪಂಕ್ತಿಯಿಂದ ಬರೆದರೆ ಹುಡುಗಿಯರದನ್ನು ಗೇಟು ಮುಚ್ಚುವ ಹೊತ್ತಿನಿಂದ ಬರೆಯಬೇಕು. ನಾನು ಪಾಠ ಮಾಡುವಾಗ ಸಂಜೆಯ ಉಪನ್ಯಾಸಕ್ಕೆ ಹುಡುಗರಿಂದ ಸಭಾಂಗಣ ತುಂಬುತ್ತಿತ್ತು. ಆರೂವರೆಗೆ ಗೇಟು ಬೀಳುತ್ತದೆ ಸಾರ್ ಎಂದು ಹುಡುಗಿಯರು ಪ್ರಶ್ನೋತ್ತರಕ್ಕೆ ಮೊದಲೇ ಎದ್ದು ಹೋಗುತ್ತಿದ್ದರು. ಪ್ರಶ್ನೆ ಕೇಳುವ ಭಾಗವೇ ಅವರಿಗೆ ತಪ್ಪುತ್ತಿತ್ತು. ಎಷ್ಟೋ ವರ್ಷ ನಾನದನ್ನು ಗಮನಿಸಲೂ ಇಲ್ಲ ಎಂಬುದು ನಾಚಿಕೆಯ ಮಾತು. ಗಮನಕ್ಕೆ ಬಂದ ಮೇಲೆ ಉಪನ್ಯಾಸಗಳನ್ನು ಮಧ್ಯಾಹ್ನಕ್ಕೆ ಹಾಕಿಕೊಂಡೆ, ಅಷ್ಟೇ ನನ್ನಿಂದ ಆದದ್ದು.

2017ರಲ್ಲಿ ಕೋಲಾರದಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆರಂಭವಾಯಿತು. ನಮ್ಮ ಜಿಲ್ಲೆಯ ಕಾಲೇಜುಗಳೂ ಅದಕ್ಕೆ ಸೇರಿವೆ. ಹೊಸ ಆವರಣಕ್ಕೆ ಜಾಗ ಗೊತ್ತಾದದ್ದು ನಮ್ಮದೇ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯ ಬಳಿ. ಹಿಪ್ಪುನೇರಳೆ ತೋಟಗಳ ನಡುವೆ ವಿಶ್ವವಿದ್ಯಾಲಯ! ಅಲ್ಲಿ ಹಾಸ್ಟೆಲ್ಲುಗಳು ಎದ್ದಾಗ ಗ್ರಂಥಾಲಯ ಅದರ ಒಳಗಿರುತ್ತದೋ ಹೊರಗೋ, ರಾತ್ರಿ ಎಂಟಕ್ಕೆ ಹುಡುಗಿಯೊಬ್ಬಳು ಅಲ್ಲಿಗೆ ಹೋಗಬಹುದೋ ಇಲ್ಲವೋ, ಒಬ್ಬ ಮೇಷ್ಟರಾದರೂ ಅಲ್ಲಿ ಮನೆ ಮಾಡುತ್ತಾರೋ ಅಥವಾ ಐದೂವರೆಯ ಬಸ್ಸಿಗೆ ಎಲ್ಲರೂ ಬೆಂಗಳೂರಿಗೆ ಹೊರಡುತ್ತಾರೋ ನೋಡಬೇಕು. ಮೇಷ್ಟರುಗಳೂ ಈಗ ಅಪ್ ಅಂಡ್ ಡೌನೇ.

ಮೊನ್ನೆ ಭಾನುವಾರ ಅಣ್ಣ ಫೋನ್ ಮಾಡಿದ. ಅವನಿಗೆ ಎಚ್ಚೆನ್ ಕಥೆ ಹೇಳಿದೆ. ನಡೆದುಕೊಂಡು ಹೋದದ್ದು ಅವನಿಗೆ ಮೊದಲೇ ಗೊತ್ತಿತ್ತು, ಹಾಸ್ಟೆಲ್ಲಿನಲ್ಲೇ ಉಳಿದುಬಿಟ್ಟದ್ದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರು ಗಂಡಸು, ಬಿಡು” ಎಂದ. ಆಗ ಚೊಂಬಿನ ವಿಷಯ ಹೇಳಿದೆ. ನಲವತ್ತು ವರ್ಷದಲ್ಲಿ ಅದನ್ನು ಮನೆಯವರಿಗೆ ಹೇಳಿದ್ದು ಅದೇ ಮೊದಲು. ಅಪ್ಪನಿಗೆ ಕೊನೆಯವರೆಗೂ ಹೇಳಿರಲಿಲ್ಲ. ಅಣ್ಣ ಅದಕ್ಕೆ ಏನೂ ಹೇಳದೆ ಫೋನನ್ನು ಮಗಳ ಕೈಗೆ ಕೊಟ್ಟ.

“ಚಿಕ್ಕಪ್ಪಾ, ಸೀಟು ಹಾಸ್ಟೆಲ್ಲಲ್ಲಿ ಆಯ್ತು. ಅಪ್ಪ ನಿನ್ನೇನೇ ಸೈನ್ ಹಾಕಿದ್ರು” ಎಂದಳು. ಗೇಟು ಎಷ್ಟು ಹೊತ್ತಿಗಮ್ಮಾ ಎಂದು ಕೇಳಿದೆ. ಏಳಂತೆ. ಕೋಣೆಯಲ್ಲಿ ಮೂವರು. ಒಬ್ಬಳು ಬಾಗೇಪಲ್ಲಿಯವಳು, ಇನ್ನೊಬ್ಬಳು ಯಾದಗಿರಿ ಕಡೆಯವಳು. ಅವಳ ಮಾತು ಅರ್ಧ ಅರ್ಥವಾಗುವುದಿಲ್ಲ ಎಂದು ನಕ್ಕಳು. ಆಮೇಲೆ, ಮನೆಯಿಂದ ತಟ್ಟೆ ಲೋಟ ತಗೊಂಡು ಹೋಗ್ಬೇಕಾ, ಅಲ್ಲೇ ಕೊಡ್ತಾರಾ ಎಂದು ಕೇಳಿದಳು.